ಕೋಳಿಗೂಡಿನಲ್ಲೊಂದು ಸ್ಟುಡಿಯೋ: ಫೋಕಸ್ ಅರ್ಧಕ್ಕೇ ನಿಲ್ಲಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತು ಇತಿಹಾಸಕ್ಕೆ ಹೋಗೋ ಮುಂಚೆ ನಮ್ಮನೆ ಅಡುಗೆಮನೆಗೆ ಒಂದು ಸಲ ಹೋಗಿ ಬರೋಣ.

ನಾಲ್ಕು ವರ್ಷದ ಹಿಂದಿನ ಯುಗಾದಿ. ಹಾಸನದ ಕಡೆ ನಮ್ಮೂರು. ಆಗಷ್ಟೇ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಿದ್ದೆ, ಕಂಡದ್ದನ್ನೆಲ್ಲ ಹೊಡೆಯೋ ಹುಚ್ಚು. ಅಜ್ಜಿ ಒಲೆ ಮುಂದೆ ಕೂತು ಒಬ್ಬಟ್ಟು ತಟ್ಟುತ್ತಿದ್ದರು. ಯಾರೋ ಏನೋ ತಮಾಷೆ ಮಾಡಿದರು, ಅಜ್ಜಿ ತಟ್ಟನೆ ಈ ಕಡೆ ತಿರುಗಿ ನಕ್ಕರು, ನಾನು ಕ್ಲಿಕ್ ಮಾಡಿದೆ. ಆಮೇಲೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಜೂಮ್ ಮಾಡಿ ನೋಡಿದರೆ ಅಜ್ಜಿಯ ಕಣ್ಣು ಶಾರ್ಪ್ ಆಗಿರಲಿಲ್ಲ. ಹಿಂದಿನ ಗೋಡೆಯ ಸ್ವಿಚ್ ಬೋರ್ಡ್ ಮಾತ್ರ ಸ್ಕ್ರೂ ಸಮೇತ ಚೊಕ್ಕವಾಗಿ ಬಂದಿತ್ತು. 'ಥೂ, ಫೋಕಸ್ ಹೋಯ್ತು' ಅಂತ ಅಲ್ಲೇ ಡಿಲೀಟ್ ಮಾಡಿದೆ. ಅಜ್ಜಿಗೆ ಮತ್ತೆ ಆ ಥರ ತಿರುಗಿ ನಗೋಕೆ ಹೇಳಿದೆ. ಅವರು ನಕ್ಕರು, ಫೋಟೋ ತೆಗೆಸಿಕೊಳ್ಳೋರು ನಗೋ ಹಾಗೆ.

ಆ ವರ್ಷವೇ ದಸರಾ ಹೊತ್ತಿಗೆ ಅಜ್ಜಿ ಹೋದರು. ತಿಥಿಗೆ ಫೋಟೋ ಬೇಕಲ್ಲ. ಕೊನೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ಹಾಕಿಸಿ, ಕಟ್ಟು ಹಾಕಿಸಿದ್ವಿ. ಈಗಲೂ ಹಜಾರದಲ್ಲಿ ಅದೇ ಇದೆ. ಫೋಕಸ್ ಸರಿಯಾಗೇ ಇದೆ.

ಈ ಕತೆ ಯಾಕೆ ಹೇಳಿದೆ ಅಂದ್ರೆ, ಇವತ್ತು ನಾವು ಮಾತಾಡ್ತಿರೋ ಹೆಂಗಸು ಕೂಡ ತನ್ನ ಮೊಟ್ಟಮೊದಲ ಫೋಟೋವನ್ನು ತನ್ನ ಕೈಯಾರೆ ಅಳಿಸಿಹಾಕಿದವಳು. ಆದರೆ ಆಮೇಲೆ ಆಕೆ ಹಿಡಿದ ದಾರಿಯೇ ಬೇರೆ. ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಹೆಸರು ಕೇಳಿ ನಗಬೇಡಿ. ಆ ಕ್ಯಾಮರಾನ್ ಗಂಡನ ಮನೆತನದ ಹೆಸರು, ಕ್ಯಾಮೆರಾಗೂ ಅದಕ್ಕೂ ಸಂಬಂಧ ಇಲ್ಲ.

ಜೂಲಿಯಾ ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತಾದಲ್ಲಿ. ಅಪ್ಪ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಅಮ್ಮ ಫ್ರೆಂಚ್ ಮೂಲದವರು. ಓದು ಹೆಚ್ಚಾಗಿ ಫ್ರಾನ್ಸಿನಲ್ಲಿ. 1838ರಲ್ಲಿ ತನಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಚಾರ್ಲ್ಸ್ ಹೇ ಕ್ಯಾಮರಾನ್ ಜೊತೆ ಮದುವೆ. ಈ ಚಾರ್ಲ್ಸ್ ಯಾರು ಗೊತ್ತಾ? ಮೆಕಾಲೆ ನೇತೃತ್ವದ ಕಾನೂನು ಆಯೋಗದಲ್ಲಿ ಇದ್ದವನು. ಇಂಡಿಯನ್ ಪೀನಲ್ ಕೋಡ್‌ನ ಮೊದಲ ಕರಡು ತಯಾರಾಗಿದ್ದು ಆ ಆಯೋಗದಲ್ಲೇ. 1860ರಲ್ಲಿ ಕಾಯ್ದೆಯಾಗಿ, 2024ರ ಜುಲೈ 1ರವರೆಗೆ ನಮ್ಮ ಪೊಲೀಸ್ ಸ್ಟೇಷನ್‌ಗಳಲ್ಲಿ '420' ಅಂತ ಬೈಸಿಕೊಳ್ಳೋಕೆ ಕಾರಣವಾಗಿದ್ದ ಅದೇ ಕೋಡ್. ಗಂಡ ಕಲಂ, ಉಪಕಲಂ ಅಂತ ಒಂದು ಅಲ್ಪವಿರಾಮ ಕೂಡ ತಪ್ಪಬಾರದ ಕೆಲಸದಲ್ಲಿ ಇದ್ದವನು. ಹೆಂಡತಿ ಮುಂದೆ ಮಾಡಿದ್ದು ಅದಕ್ಕೆ ಪೂರಾ ಉಲ್ಟಾ.

1848ರಲ್ಲಿ ಚಾರ್ಲ್ಸ್ ನಿವೃತ್ತನಾಗಿ ಸಂಸಾರ ಇಂಗ್ಲೆಂಡಿಗೆ ಹೋಯ್ತು. 1860ರಲ್ಲಿ ಐಲ್ ಆಫ್ ವೈಟ್ ಅನ್ನೋ ದ್ವೀಪದಲ್ಲಿ, ಫ್ರೆಶ್‌ವಾಟರ್ ಅನ್ನೋ ಊರಲ್ಲಿ ಮನೆ ಕೊಂಡರು. ಮನೆಗೆ ಡಿಂಬೋಲಾ ಅಂತ ಹೆಸರಿಟ್ಟರು, ಸಿಲೋನಿನಲ್ಲಿದ್ದ ತಮ್ಮ ಕಾಫಿ ತೋಟದ ಹೆಸರು. ಪಕ್ಕದಲ್ಲೇ ಕವಿ ಟೆನ್ನಿಸನ್ ಮನೆ. ಚಾರ್ಲ್ಸ್ ಆಗಾಗ ತೋಟ ನೋಡಿಕೊಳ್ಳೋಕೆ ಸಿಲೋನಿಗೆ ಹೋಗ್ತಿದ್ದ, ಮಕ್ಕಳು ದೊಡ್ಡವರಾಗಿದ್ದರು, ಮನೆಯಲ್ಲಿ ಜೂಲಿಯಾ ಒಬ್ಬಳೇ. 1863ರ ಡಿಸೆಂಬರ್‌ನಲ್ಲಿ ಮಗಳು ಮತ್ತು ಅಳಿಯ ಒಂದು ಉಡುಗೊರೆ ತಂದುಕೊಟ್ಟರು. ಅಮ್ಮನಿಗೆ ಒಂಟಿತನದಲ್ಲಿ ಹೊತ್ತು ಹೋಗಲಿ ಅಂತ ಕೊಟ್ಟ ಕ್ಯಾಮೆರಾ. ಆಗ ಆಕೆಗೆ 48 ವರ್ಷ.

ಕ್ಯಾಮೆರಾ ಅಂದ ಕೂಡಲೇ ಜೇಬಿನಿಂದ ತೆಗೆಯೋ ವಸ್ತು ಅಂದುಕೊಳ್ಳಬೇಡಿ. ದೊಡ್ಡ ಮರದ ಪೆಟ್ಟಿಗೆ. ಫಿಲ್ಮ್ ಅನ್ನೋದು ಇನ್ನೂ ಹುಟ್ಟಿಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನೋನು ಹೇಳಿಕೊಟ್ಟ ಒದ್ದೆ ಗಾಜಿನ ವಿಧಾನ ಆಗಿನ ರೂಢಿ. ಕೊಲೋಡಿಯನ್ ಅನ್ನೋ ಅಂಟು ದ್ರವವನ್ನು ಗಾಜಿನ ಮೇಲೆ ದೋಸೆ ಹಿಟ್ಟು ಹುಯ್ದ ಹಾಗೆ ಹುಯ್ಯಬೇಕು. ಆದರೆ ಸೌಟಿನಲ್ಲಿ ತಿರುವೋ ಹಾಗಿಲ್ಲ, ಗಾಜನ್ನೇ ಓರೆ ಮಾಡಿ ನಾಲ್ಕೂ ಮೂಲೆಗೆ ಹರಿಸಬೇಕು. ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಅದು ಒಣಗೋ ಮುಂಚೆ, ಅಂದ್ರೆ ಕೆಲವೇ ನಿಮಿಷಗಳಲ್ಲಿ, ಕ್ಯಾಮೆರಾಗೆ ಹಾಕಿ, ಫೋಟೋ ಹೊಡೆದು, ಮತ್ತೆ ಕತ್ತಲ ಕೋಣೆಗೆ ಓಡಿ, ಚಿತ್ರ ಬರಿಸಿ, ತೊಳೆದು ಮುಗಿಸಬೇಕು. ಧೂಳು ಕೂತರೆ ಚುಕ್ಕಿ. ದ್ರವ ಸಮನಾಗಿ ಹರಡದಿದ್ದರೆ ಪಟ್ಟೆ. ಕೈ ತಾಕಿದರೆ ಬೆರಳಚ್ಚು.

ಸಿಲ್ವರ್ ನೈಟ್ರೇಟ್ ಏನು ಮಾಡುತ್ತೆ ಅಂತ ನಮಗೆಲ್ಲ ಗೊತ್ತು. ವೋಟು ಹಾಕಿದಾಗ ಬೆರಳಿಗೆ ಬಳಿಯೋ, ಮೈಸೂರಿನಲ್ಲೇ ತಯಾರಾಗೋ ಶಾಯಿಯಲ್ಲಿ ಇರೋದೂ ಅದೇ. ಹಾಗಾಗಿ ಆ ಕಾಲದ ಫೋಟೋಗ್ರಾಫರ್‌ಗಳ ಕೈ ಸದಾ ಕರ್ರಗೆ. ಜೂಲಿಯಾಳ ಕೈ ಜೊತೆಗೆ ಬಟ್ಟೆ, ಟೇಬಲ್ ಕ್ಲಾತ್ ಎಲ್ಲ ಕರ್ರಗೆ. ಸಾಲದ್ದಕ್ಕೆ ಪೊಟ್ಯಾಸಿಯಂ ಸೈನೈಡ್ ಬೇರೆ ಬಳಸ್ತಿದ್ದಳು. ಆಕೆಯ ಹಳೆಯ ಸ್ನೇಹಿತ, ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್, ಅದನ್ನ ಹೀಗೆ ಕೈಗೆಲ್ಲ ಸುರಿದುಕೊಳ್ಳಬೇಡಮ್ಮ ಅಂತ ಗಾಬರಿಯಿಂದ ಕಾಗದ ಬರೆದಿದ್ದ.

ಈಗ ಸ್ಟುಡಿಯೋ ವಿಷಯ. ಕಲ್ಲಿದ್ದಲು ಇಡೋ ಕೊಟ್ಟಿಗೆಯನ್ನು ಡಾರ್ಕ್ ರೂಮ್ ಮಾಡಿಕೊಂಡಳು. ಕೋಳಿಗಳಿದ್ದ ಗಾಜಿನ ಮಾಡಿನ ಗೂಡನ್ನು ಖಾಲಿ ಮಾಡಿಸಿ ಸ್ಟುಡಿಯೋ ಮಾಡಿಕೊಂಡಳು. ಕೋಳಿಗಳೇನಾದವು? ಬಿಟ್ಟುಬಿಟ್ಟೆ, ಯಾರೂ ತಿಂದಿರಲಾರರು ಅಂತ ಆಶಿಸ್ತೀನಿ ಅನ್ನೋ ಧಾಟಿಯಲ್ಲಿ ಹತ್ತು ವರ್ಷದ ಮೇಲೆ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. 1874ರಲ್ಲಿ ಬರೆದ ಆ ಚಿಕ್ಕ ಆತ್ಮಕಥೆ ಪೂರ್ತಿಯಾಗಲೇ ಇಲ್ಲ. ಅದನ್ನೂ ಅರ್ಧಕ್ಕೇ ಬಿಟ್ಟಳು!

ಮೊದಲ ಫೋಟೋಗೆ ಕೂತವನು ಊರಿನ ಒಬ್ಬ ರೈತ. ದುಡ್ಡು ಕೊಟ್ಟು ಕೂರಿಸಿದ್ದು. ಚಿತ್ರ ಬಂತು. ಬಂದ ಖುಷಿಯಲ್ಲಿ ಗಾಜಿನ ಒದ್ದೆ ಮೈ ಮೇಲೆ ಕೈ ಉಜ್ಜಿದಳು, ಚಿತ್ರ ಅಳಿಸಿಹೋಯ್ತು. ನನ್ನ ಡಿಲೀಟ್ ಬಟನ್‌ಗೂ ಆಕೆಯ ಅಂಗೈಗೂ ಒಂದು ವ್ಯತ್ಯಾಸ ಇದೆ. ಆಕೆ ಬೇಕಂತ ಅಳಿಸಲಿಲ್ಲ.

1864ರ ಜನವರಿಯಲ್ಲಿ ಆ್ಯನಿ ಫಿಲ್ಪಾಟ್ ಅನ್ನೋ ಪುಟ್ಟ ಹುಡುಗಿ ಕೂತಳು. ಆ ಫೋಟೋ ಇವತ್ತಿಗೂ ಇದೆ, ಹುಡುಕಿ ನೋಡಿ. ದೊಡ್ಡ ಗುಂಡಿಗಳ ಕೋಟು ಹಾಕಿದ ಹುಡುಗಿ ಪಕ್ಕಕ್ಕೆ ನೋಡ್ತಿದ್ದಾಳೆ. ಅಂಚುಗಳು ಮಸುಕು, ಕೂದಲು ಹಿನ್ನೆಲೆಯಲ್ಲಿ ಕರಗಿಹೋಗಿದೆ. ಆ ಕಾಲದ ಲೆಕ್ಕದಲ್ಲಿ ಇದು ಕಲಿಯೋರ ಫೋಟೋ. ಜೂಲಿಯಾ ಮಾತ್ರ ಇದು ನನ್ನ ಮೊದಲ ಯಶಸ್ಸು ಅಂತ ಹೆಸರಿಟ್ಟು, ಮಗುವಿಗೆ ಕೊಡೋಕೆ ಉಡುಗೊರೆ ಹುಡುಕುತ್ತಾ ಮನೆಯೆಲ್ಲ ಓಡಾಡಿದಳು. ಅವತ್ತೇ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ, ಮಗುವಿನ ಅಪ್ಪನ ಕೈಗೆ ಕೊಟ್ಟಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಆಗ 'ಒಳ್ಳೆ ಫೋಟೋ' ಅಂದ್ರೆ ಏನು ಅಂತ ತಿಳಿಯದೆ ಈ ಹೆಂಗಸಿನ ಧೈರ್ಯ ಅರ್ಥ ಆಗಲ್ಲ.

ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಬೇಲೂರು, ಹಳೇಬೀಡಿನ ಬಹಳ ಹಳೆಯ ಫೋಟೋಗಳನ್ನು ತೆಗೆದವರಲ್ಲಿ ಒಬ್ಬ ಲಿನೇಯಸ್ ಟ್ರೈಪ್, ಮದ್ರಾಸ್ ಸೇನೆಯ ಅಧಿಕಾರಿ. 1854ರ ಕೊನೆಯಲ್ಲಿ ತೆಗೆದಿದ್ದು. ಕಲ್ಲಿನ ಒಂದೊಂದು ಪಟ್ಟಿಯನ್ನೂ ಎಣಿಸಬಹುದು, ಸರ್ವೆ ಮಾಡಿದ ಹಾಗೆ. ಆಗಿನ ನೆಗೆಟಿವ್‌ಗಳಲ್ಲಿ ಆಕಾಶ ಖಾಲಿ ಖಾಲಿಯಾಗಿ ಬರ್ತಿತ್ತು. ಟ್ರೈಪ್ ಮುಂದೆ ನೆಗೆಟಿವ್ ಮೇಲೆ ಬಣ್ಣದಿಂದ ಮೋಡ ತಿದ್ದಿ ಸೇರಿಸ್ತಿದ್ದ. ಇಂಗ್ಲೆಂಡಿನಲ್ಲಿ ಹೆನ್ರಿ ಪೀಚ್ ರಾಬಿನ್ಸನ್ ಅನ್ನೋನು 1858ರಲ್ಲಿ ಸಾಯ್ತಿರೋ ಹುಡುಗಿಯ ಸುತ್ತ ಮನೆಯವರು ನಿಂತಿರೋ ಒಂದು ಚಿತ್ರ ಮಾಡಿದ. ಅದು ಒಂದು ಫೋಟೋ ಅಲ್ಲ, ಐದು ನೆಗೆಟಿವ್ ಜೋಡಿಸಿದ್ದು, ಎಲ್ಲೂ ಹೊಲಿಗೆ ಕಾಣದ ಹಾಗೆ. ಕೈಕೆಲಸ ನಿಜಕ್ಕೂ ದೊಡ್ಡದು. ನಾನು ಇವರನ್ನ ಆಡಿಕೊಳ್ತಿಲ್ಲ. ಟ್ರೈಪ್ ಅಷ್ಟು ಚೊಕ್ಕವಾಗಿ ತೆಗೆಯದಿದ್ದರೆ ಆ ದೇವಸ್ಥಾನಗಳು ಆಗ ಹೇಗಿದ್ದವು ಅಂತ ನಮಗೆ ಇಷ್ಟು ಚೆನ್ನಾಗಿ ತಿಳೀತಿರಲಿಲ್ಲ. ಕಲ್ಲಿಗೆ ಆ ಫೋಕಸ್ ಬೇಕು. ಆದರೆ ಮನುಷ್ಯರ ಮುಖಕ್ಕೂ ಅದೇ ಅಳತೆಗೋಲು ಹಿಡಿದಿದ್ದರು. ಚೂಪಾದ ಅಂಚು, ಸಮನಾದ ಬೆಳಕು, ಒಂದು ಕಲೆ ಇಲ್ಲದ ಪ್ರಿಂಟ್.

ಜೂಲಿಯಾ ಆ ಅಳತೆಗೋಲನ್ನು ಹೇಗೆ ಬಿಟ್ಟಳು ಅನ್ನೋದನ್ನ ಆಕೆಯೇ ಹೇಳಿಕೊಂಡಿದ್ದಾಳೆ. ಮೊದಮೊದಲು ಅದು ಆಕಸ್ಮಿಕ. ಲೆನ್ಸ್ ತಿರುಗಿಸ್ತಾ ತಿರುಗಿಸ್ತಾ, ಎಲ್ಲಿ ಕಣ್ಣಿಗೆ ಚಂದ ಕಂಡಿತೋ ಅಲ್ಲೇ ನಿಲ್ಲಿಸಿಬಿಟ್ಟಳಂತೆ. ಉಳಿದವರೆಲ್ಲ ಇನ್ನೂ ತಿರುಗಿಸಿ ತಿರುಗಿಸಿ ಚೂಪು ಮಾಡ್ತಾರೆ, ಆಕೆ ಮಾಡಲಿಲ್ಲ. ಅಷ್ಟೇ. 1864ರ ಕೊನೇ ದಿನ ಹರ್ಷೆಲ್‌ಗೆ ಬರೆದ ಕಾಗದದಲ್ಲಿ ಇದನ್ನೇ ಪ್ರಶ್ನೆಯಾಗಿ ಕೇಳಿದಳು: ಇದೇ ಸರಿಯಾದ ಫೋಕಸ್ ಅಂತ ತೀರ್ಮಾನ ಮಾಡೋ ಹಕ್ಕು ಯಾರಿಗಿದೆ ಅಂತ. ಯಾರನ್ನ ಕೇಳಿದ್ದು ನೋಡಿ! ಫೋಟೋ ಅಳಿಸಿಹೋಗದೆ ನಿಲ್ಲೋ ಹಾಗೆ ಮಾಡೋ ಹೈಪೋ ಅನ್ನೋ ರಾಸಾಯನಿಕದ ಗುಣ ಕಂಡುಹಿಡಿದವನು ಹರ್ಷೆಲ್. 'ನೆಗೆಟಿವ್', 'ಪಾಸಿಟಿವ್' ಅನ್ನೋ ಪದಗಳನ್ನ ಫೋಟೋಗ್ರಫಿಗೆ ಕೊಟ್ಟವನೂ ಅವನೇ. ಸಂಗೀತದ ಭಾಷೆಯಲ್ಲಿ ಹೇಳೋದಾದರೆ, ಪಿಳ್ಳಾರಿ ಗೀತೆ ಕಲೀತಿರೋರು ವಿದ್ವಾಂಸರನ್ನ 'ಶ್ರುತಿ ಅಂದ್ರೆ ಇದೇ ಅಂತ ಯಾರು ಹೇಳಿದ್ದು' ಅಂತ ಕೇಳಿದ ಹಾಗೆ.

ವಿಮರ್ಶಕರು ಬಿಡ್ತಾರಾ? 1865ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಜರ್ನಲ್ ಬರೆದಿದ್ದರ ತಾತ್ಪರ್ಯ ಇದು: ಈಕೆಗೆ ಸ್ವಂತಿಕೆ ಇರಬಹುದು, ಆದರೆ ಫೋಟೋಗ್ರಫಿಯಲ್ಲಿ ಒಳ್ಳೆಯದು ಅನ್ನಿಸಿಕೊಳ್ಳೋದನ್ನೆಲ್ಲ ಬಿಟ್ಟು, ಅದರ ಕುಂದುಕೊರತೆಗಳನ್ನೇ ಎತ್ತಿ ತೋರಿಸಿದ್ದಾಳೆ. ಬೇರೆ ಪತ್ರಿಕೆಗಳು ಕೊಳಕು, ಅಳಕು ಅಂತೆಲ್ಲ ಬರೆದವು. ಸದಸ್ಯರೆಲ್ಲ ಹೆಚ್ಚಾಗಿ ಗಂಡಸರು, ಈಕೆ ಐವತ್ತರ ಹೆಂಗಸು, ಕಲಿತು ಒಂದೇ ವರ್ಷ. ಆ ಅಂಶವೂ ಅದರಲ್ಲಿ ಇತ್ತು ಅಂತ ನನಗನ್ನಿಸುತ್ತೆ. ಆದರೆ ಇನ್ನೊಂದು ಕಡೆ ಬರ್ಲಿನ್‌ನಲ್ಲಿ 1865ರಲ್ಲಿ ಕಂಚು, 1866ರಲ್ಲಿ ಚಿನ್ನದ ಪದಕ ಬಂತು. 1865ರಲ್ಲೇ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ, ಅಂದ್ರೆ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಆಕೆಯ ಫೋಟೋಗಳನ್ನ ಕೊಂಡಿತು. 1868ರಲ್ಲಿ ಅದರ ನಿರ್ದೇಶಕ ಹೆನ್ರಿ ಕೋಲ್ ಮ್ಯೂಸಿಯಂನಲ್ಲೇ ಎರಡು ಕೋಣೆಗಳನ್ನು ಸ್ಟುಡಿಯೋ ಮಾಡಿಕೊಳ್ಳೋಕೆ ಬಿಟ್ಟುಕೊಟ್ಟ.

ಈಗ ನನಗೆ ಈ ಕತೆಯಲ್ಲಿ ಬಹಳ ಮುಖ್ಯ ಅನ್ನಿಸಿದ ಭಾಗ. ಇಂಟರ್ನೆಟ್‌ನಲ್ಲಿ ಜೂಲಿಯಾಳನ್ನ 'ತಪ್ಪುಗಳನ್ನ ಪ್ರೀತಿಸಿದವಳು' ಅಂತ ಕೊಂಡಾಡೋದು ಜಾಸ್ತಿ. ನಾನೂ ಹಾಗೇ ಅಂದುಕೊಂಡು ಈ ಕಂತು ಬರೆಯೋಕೆ ಕೂತೆ. ಓದ್ತಾ ಹೋದರೆ ಲೆಕ್ಕ ತಾಳೆ ಆಗಲಿಲ್ಲ.

1869ರಲ್ಲಿ ಆಕೆ ಹೆನ್ರಿ ಕೋಲ್‌ಗೆ ಬರೆದ ಒಂದು ಕಾಗದ ಇದೆ. ತನ್ನ ಬಹಳ ಬೆಲೆಬಾಳೋ 45 ನೆಗೆಟಿವ್‌ಗಳ ಮೇಲೆ ಜೇನುಗೂಡಿನ ಹಾಗೆ ಬಿರುಕು ಬಿಟ್ಟಿದೆ ಅಂತ ಗೋಳಾಡಿಕೊಂಡಿದ್ದಾಳೆ. ಫೋಟೋಗ್ರಾಫಿಕ್ ಸೊಸೈಟಿಯ ಸಭೆಗೂ ಅದನ್ನ ಒಯ್ದು, ಇದು ಯಾಕೆ ಹೀಗಾಯ್ತು ಅಂತ ಕೇಳಿದಳು. ಹೌದು, ಯಾರ ಪತ್ರಿಕೆ ಆಕೆಯನ್ನ ಹೀಯಾಳಿಸಿತ್ತೋ ಅದೇ ಸೊಸೈಟಿಗೆ. ಅಷ್ಟೇ ಅಲ್ಲ, ಮಾರ್ಗದರ್ಶಕನಾಗಿದ್ದ ಚಿತ್ರಕಾರ ಜಿ. ಎಫ್. ವಾಟ್ಸ್‌ಗೆ ಕೆಟ್ಟುಹೋದ ಪ್ರಿಂಟ್‌ಗಳನ್ನೇ ಕಳಿಸಿಕೊಟ್ಟು ಅಭಿಪ್ರಾಯ ಕೇಳ್ತಿದ್ದಳು. ಟೆನ್ನಿಸನ್‌ನ ಆರ್ಥರ್ ರಾಜನ ಕಾವ್ಯಕ್ಕೆ 1874ರ ಹೊತ್ತಿಗೆ ಚಿತ್ರ ಮಾಡಿಕೊಡೋ ಕೆಲಸ ಬಂದಾಗ, ಇನ್ನೂರಕ್ಕೂ ಹೆಚ್ಚು ಪ್ಲೇಟ್ ಹೊಡೆದಳು. ಕೊನೆಗೆ ಪುಸ್ತಕಗಳಿಗೆ ಆರಿಸಿದ್ದು ಎರಡು ಡಜನ್ ಆಸುಪಾಸು. ಒಂದೊಂದು ಪ್ಲೇಟಿಗೂ ಆ ದೋಸೆ ಹುಯ್ಯೋ ಕೆಲಸ, ಆ ಓಟ, ಆ ಕಪ್ಪು ಕೈ.

ಇದು ಅಸಡ್ಡೆ ಮಾಡೋರ ಕೆಲಸ ಅಲ್ಲವಲ್ಲ?

ಹಾಗಾದ್ರೆ ಬಿಟ್ಟಿದ್ದೇನು? ನನಗೆ ಕಂಡಿದ್ದು ಇಷ್ಟು. ಒಂದು ಫೋಟೋ ಇಟ್ಟುಕೊಳ್ಳಬೇಕಾ ಬಿಸಾಡಬೇಕಾ ಅಂತ ನೋಡುವಾಗ ಆಕೆ ಮೊದಲು ಅಂಚು ನೋಡಲಿಲ್ಲ, ಮುಖ ನೋಡಿದಳು. ಮುಖ ಬಂದಿದ್ದರೆ, ಮೂಲೆಯಲ್ಲಿ ಕೊಲೋಡಿಯನ್ ಸುಲಿದಿರಲಿ, ಕೂದಲೊಂದು ಅಂಟಿಕೊಂಡಿರಲಿ, ಪ್ರಿಂಟ್ ಹಾಕಿ ಮಾರಾಟಕ್ಕೆ ಇಟ್ಟಳು. ಮುಖ ಬರದಿದ್ದರೆ ಎಷ್ಟು ಚೊಕ್ಕವಾಗಿದ್ದರೂ ಮತ್ತೆ ಹೊಡೆದಳು. ಬಿರುಕು ಬಿಟ್ಟ ನೆಗೆಟಿವ್‌ಗೆ ಅತ್ತಿದ್ದೂ ಅದಕ್ಕೇ, ಬಿರುಕು ಮುಖವನ್ನೇ ತಿನ್ನುತ್ತಿತ್ತು. ವಾಟ್ಸ್ ಬಹಳ ಮೆಚ್ಚಿದ 'ದಿ ಡ್ರೀಮ್' ಅನ್ನೋ 1869ರ ಚಿತ್ರದಲ್ಲಿ ಕೆಳಗಿನ ಮೂಲೆಯಲ್ಲಿ ಬೆರಳಚ್ಚಿನ ಕಲೆ ಎದ್ದು ಕಾಣುತ್ತೆ. ವಾಟ್ಸ್‌ಗೆ ಅದು ಕಾಣಲಿಲ್ಲ ಅಂತ ಅಲ್ಲ.

ಎರಡು ಮುಖಗಳನ್ನಾದರೂ ನೀವು ನೋಡಲೇಬೇಕು, ಎರಡೂ 1867ರವು. ಒಂದು ಹರ್ಷೆಲ್‌ದೇ. ದಕ್ಷಿಣ ಗೋಳಾರ್ಧದ ಆಕಾಶವನ್ನು ಆಫ್ರಿಕಾದ ತುದಿಯಲ್ಲಿ ಕೂತು ದಾಖಲಿಸಿದ ಮನುಷ್ಯ. 1836ರಲ್ಲಿ ಜೂಲಿಯಾಗೆ ಆತ ಪರಿಚಯವಾಗಿದ್ದೂ ಅಲ್ಲೇ. ಫೋಟೋದಲ್ಲಿ ಮೈಯೆಲ್ಲ ಕತ್ತಲಲ್ಲಿ ಮುಳುಗಿದೆ. ಕೆದರಿದ ಬಿಳಿ ಕೂದಲು, ಸುಕ್ಕು, ಒದ್ದೆ ಕಣ್ಣು. ಅಷ್ಟೇ ಇರೋದು. ಒಂದೊಂದು ಪ್ಲೇಟಿಗೂ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಆದ್ದರಿಂದ ಆ ಮುಖದಲ್ಲಿರೋದು ಒಂದು ಕ್ಷಣ ಅಲ್ಲ, ಕೂತಷ್ಟೂ ಹೊತ್ತು. ಇನ್ನೊಂದು ಜೂಲಿಯಾ ಜಾಕ್ಸನ್, ಆಕೆಯ ತಂಗಿಯ ಮಗಳು, ನೇರವಾಗಿ ನಮ್ಮನ್ನೇ ನೋಡೋ ಮುಖ. ಮುಂದೆ ಲೇಖಕಿ ವರ್ಜೀನಿಯಾ ವುಲ್ಫ್ ಹುಟ್ಟಿದ್ದು ಈ ಹೆಣ್ಣಿಗೆ.

ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಎಲ್ಲವೂ ನನಗೆ ಇಷ್ಟ ಆಗಲ್ಲ. ಮಕ್ಕಳಿಗೆ ಹಕ್ಕಿ ರೆಕ್ಕೆ ಕಟ್ಟಿ ದೇವದೂತರನ್ನ ಮಾಡಿದ್ದಾಳೆ, ಆ ಮಕ್ಕಳ ಮುಖದಲ್ಲಿ 'ಇದು ಯಾವಾಗ ಮುಗಿಯುತ್ತಪ್ಪಾ' ಅನ್ನೋ ಸಂಕಟ ಸ್ಪಷ್ಟವಾಗಿದೆ. ಆರ್ಥರ್ ರಾಜನ ಚಿತ್ರಗಳು ಸ್ಕೂಲ್ ಡೇ ನಾಟಕದ ಹಾಗಿವೆ, ಪರದೆ, ಪರಚೂರು ಎಲ್ಲ ಕಾಣುತ್ತೆ. ಆ ಇನ್ನೂರು ಪ್ಲೇಟಿನ ಶ್ರಮಕ್ಕಿಂತ ಮೊದಲ ವರ್ಷದ ಆ್ಯನಿಯೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಹೆಚ್ಚು ತಿದ್ದಿದಷ್ಟೂ ಚೆನ್ನಾಗಿ ಬರುತ್ತೆ ಅನ್ನೋದಕ್ಕೆ ಆಕೆಯ ಕೆಲಸದಲ್ಲೇ ಪುರಾವೆ ಇಲ್ಲ.

ಮನೆಗೆಲಸದವರನ್ನೂ ಬಿಡದೆ ಕೂರಿಸ್ತಿದ್ದಳು. ಅವರಲ್ಲಿ ಮೇರಿ ರಯಾನ್ ಅನ್ನೋ ಐರಿಷ್ ಹುಡುಗಿಯ ಕತೆ ಸಿನಿಮಾ ಥರ ಇದೆ. ಭಿಕ್ಷೆ ಬೇಡೋಕೆ ಬಂದವಳ ಮಗಳು, ಜೂಲಿಯಾ ಮನೆಯಲ್ಲೇ ಬೆಳೆದಳು. ಲಂಡನ್ನಿನ ಪ್ರದರ್ಶನವೊಂದರಲ್ಲಿ ಆಕೆಯ ಫೋಟೋ ನೋಡಿದ ಹೆನ್ರಿ ಕಾಟನ್ ಅನ್ನೋ ಯುವಕ ಮನಸೋತು, 1867ರಲ್ಲಿ ಮದುವೆಯಾದ. ಇಂಡಿಯನ್ ಸಿವಿಲ್ ಸರ್ವಿಸ್ ಸೇರಿ ಇಲ್ಲಿಗೆ ಬಂದ ಆತನೇ 1904ರಲ್ಲಿ ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ. ಫೋಕಸ್ ತಪ್ಪಿದೆ ಅಂತ ಬೈಸಿಕೊಂಡ ಫೋಟೋಗಳಿಗೆ ಅಷ್ಟು ಶಕ್ತಿ ಇತ್ತು.

ನಾನು ಬಿಕಾಂ ಓದಿದವ ಆದ್ದರಿಂದ ದುಡ್ಡಿನ ವಿಷಯ ಕೇಳದೆ ಇರೋಕಾಗಲ್ಲ. ಜೂಲಿಯಾಗೆ ಇದು ಬರೀ ಹವ್ಯಾಸ ಆಗಿರಲಿಲ್ಲ. ಸಿಲೋನ್ ತೋಟದ ಆದಾಯ ನಂಬೋ ಹಾಗಿರಲಿಲ್ಲ, ಗಂಡುಮಕ್ಕಳ ಓದಿನ ಖರ್ಚು ಇತ್ತು. 1862ರಲ್ಲಿ ಇಂಗ್ಲೆಂಡಿನಲ್ಲಿ ಫೋಟೋಗಳಿಗೂ ಕಾಪಿರೈಟ್ ಸಿಗೋ ಕಾಯ್ದೆ ಬಂದಿತ್ತು. ಕ್ಯಾಮೆರಾ ಕೈಗೆ ಬಂದ ಆರು ತಿಂಗಳೊಳಗೇ ಆಕೆ ನೋಂದಣಿ ಶುರು ಮಾಡಿ, ಒಟ್ಟು 500ಕ್ಕೂ ಹೆಚ್ಚು ಚಿತ್ರಗಳನ್ನ ನೋಂದಾಯಿಸಿದಳು. ಕೋಲ್‌ನಾಗಿ ಅನ್ನೋ ಲಂಡನ್ನಿನ ಚಿತ್ರ ವ್ಯಾಪಾರಿಗಳ ಮೂಲಕ ಮಾರಿದಳು. ದೊಡ್ಡವರ ಕೈಲಿ ಫೋಟೋ ಮೇಲೆ ಸಹಿ ಹಾಕಿಸಿದಳು, ಸಹಿ ಇದ್ದರೆ ಬೆಲೆ ಜಾಸ್ತಿ. ಮಾರ್ಕೆಟಿಂಗ್ ಪೂರ್ತಿ ಗೊತ್ತಿತ್ತು. ಆದರೆ ಫೋಟೋ ಹಂಚಿಬಿಡೋ ಚಟ ಬೇರೆ. ಆಲ್ಬಂಗಟ್ಟಲೆ ಉಡುಗೊರೆ ಕೊಡ್ತಿದ್ದಳು. ಖರ್ಚಿನ ಕಾಲಂ ಯಾವತ್ತೂ ದೊಡ್ಡದೇ. ಆದರೂ ಒಂದು ಮಾತು ಗಮನಿಸಿ. ದುಡ್ಡಿನ ಅಗತ್ಯ ಇದ್ದೂ, ಗಿರಾಕಿಗೆ ಬೇಕಾದ ಚೂಪು ಫೋಟೋ ತೆಗೆದು ಮಾರಿದ್ದರೆ ಸಲೀಸಾಗಿ ನಡೀತಿತ್ತೇನೋ. ಫೋಕಸ್ ವಿಷಯದಲ್ಲಿ ಮಾತ್ರ ಆಕೆ ರಾಜಿ ಆಗಲಿಲ್ಲ. ನಾವು ರಾಜಿ ಅಂತ ಕರೆಯೋದನ್ನ ಆಕೆ ಹಟ ಅಂತ ಹಿಡಿದಿದ್ದಳು.

1875ರಲ್ಲಿ ಸಂಸಾರ ಸಿಲೋನಿಗೆ ಹೊರಟಿತು. ಸಾಮಾನಿನ ಜೊತೆ ಎರಡು ಶವಪೆಟ್ಟಿಗೆ, ಒಳಗೆ ಪಿಂಗಾಣಿ ಮತ್ತು ಗಾಜಿನ ಸಾಮಾನು ತುಂಬಿತ್ತಂತೆ, ಅಲ್ಲಿ ಒಳ್ಳೇದು ಸಿಗದಿದ್ದರೆ ಅಂತ. ಅಷ್ಟು ಹೊತ್ತಿಗಾಗಲೇ ಅಲ್ಲಿನ ಕಾಫಿಗೆ ಎಲೆ ತುಕ್ಕು ರೋಗ ಬಿದ್ದಿತ್ತು. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಬೆಳೆಗಾರರಿಗೆ ಅದು ಏನು ಅಂತ ಹೇಳಬೇಕಾಗಿಲ್ಲ. ಸಿಲೋನಿನಲ್ಲಿ ಆಕೆ ತೆಗೆದ ಫೋಟೋಗಳು ಬಹಳ ಕಡಿಮೆ, ತೋಟದ ತಮಿಳು ಕೂಲಿ ಹೆಂಗಸರದ್ದು ಕೆಲವು ಉಳಿದಿವೆ. ಅವರ ಹೆಸರನ್ನ ಆಕೆ ಬರೆದಿಡಲಿಲ್ಲ. ಇಂಗ್ಲೆಂಡಿನ ಕೆಲಸದವರಿಗೆಲ್ಲ ಹೆಸರಿದೆ, ಇವರಿಗಿಲ್ಲ. ಅದು ನನಗೆ ಈಗಲೂ ಚುಚ್ಚುತ್ತೆ. 1879ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಫೋಟೋಗ್ರಫಿ ಮಾಡಿದ್ದು ಹದಿನೈದು ವರ್ಷ, ಇವತ್ತು ಲೆಕ್ಕಕ್ಕೆ ಸಿಕ್ಕಿರೋ ಚಿತ್ರಗಳು 1,200ಕ್ಕೂ ಹೆಚ್ಚು.

ಆಮೇಲೆ ನಡೆದದ್ದು ಒಂಥರಾ ತಮಾಷೆ. ಮುಂದಿನ ತಲೆಮಾರಿನ ಫೋಟೋಗ್ರಾಫರ್‌ಗಳು ಆಕೆಯನ್ನ ಗುರು ಅಂತ ಒಪ್ಪಿಕೊಂಡು, ಮಸುಕನ್ನೇ ನಿಯಮ ಮಾಡಿದರು. ಬೇಕಂತಲೇ ಮಸುಕು ತರೋ ಲೆನ್ಸ್‌ಗಳು ಅಂಗಡಿಗೆ ಬಂದವು. ಅದಕ್ಕೆ ಬೇಸತ್ತು 1932ರಲ್ಲಿ ಕ್ಯಾಲಿಫೋರ್ನಿಯಾದ ಕೆಲವರು, ಆ್ಯನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರು, ಎಫ್/64 ಅಂತ ಗುಂಪು ಕಟ್ಟಿ, ತುದಿಯಿಂದ ತುದಿಗೆ ಎಲ್ಲ ಚೂಪಾಗಿರಬೇಕು ಅಂದರು. ಈಗ ನಮ್ಮ ಮೊಬೈಲ್‌ಗಳಲ್ಲಿ ಪೋರ್ಟ್ರೇಟ್ ಮೋಡ್ ಅಂತ ಇದೆ, ಮುಖ ಚೂಪು, ಹಿನ್ನೆಲೆ ಲೆಕ್ಕ ಹಾಕಿ ಮಸುಕು. ಕಿವಿ ಹತ್ತಿರ ಕೂದಲು ಸರಿಯಾಗಿ ಕತ್ತರಿಸಿಲ್ಲ ಅಂತ ನಾವು ಫೋನ್ ಕಂಪನಿಯನ್ನ ಬೈತೀವಿ.

ಈ ಕಂತಿಗೆ ಓದ್ತಿದ್ದಾಗ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿ, ಆ ಯುಗಾದಿಯ ಫೋಟೋ ಏನಾದರೂ ಇದೆಯಾ ಅಂತ ಕೇಳಿದೆ. ಹಳೇ ಮೊಬೈಲ್‌ನಲ್ಲಿ ಹುಡುಕಿ ಒಂದನ್ನ ವಾಟ್ಸ್ಆ್ಯಪ್ ಮಾಡಿದಳು. ಒಲೆ, ಒಬ್ಬಟ್ಟಿನ ತಟ್ಟೆ, ಬಲಗಡೆ ತುದಿಯಲ್ಲಿ ಅಜ್ಜಿಯ ಅರ್ಧ ಮುಖ. ಶೇಕ್ ಆಗಿದೆ. ಅಜ್ಜಿ ನಗ್ತಿದ್ದಾರೆ, ಈ ಕಡೆ ತಿರುಗಿಲ್ಲ, ತಟ್ಟೆ ಕಡೆ ನೋಡ್ತಾ. ಎಡಗಡೆ ಮೇಲೆ ಅವಳ ಬೆರಳು ಅಡ್ಡ ಬಂದು ಒಂದು ಕೆಂಪು ಮೋಡ.

ಹೋದ ವಾರ ಪೇಟೆಯ ಸ್ಟುಡಿಯೋಗೆ ಒಯ್ದೆ. 'ಬೆರಳು ತೆಗೀಬಹುದು ಸಾರ್, ಮುಖನೂ ಸ್ವಲ್ಪ ಕ್ಲಿಯರ್ ಮಾಡಿಕೊಡ್ತೀನಿ, ಈಗ ಎಲ್ಲ ಆಗುತ್ತೆ' ಅಂದರು ಅವರು. ಬೇಡ, ಇದ್ದ ಹಾಗೇ ಹಾಕಿಕೊಡಿ ಅಂದೆ. ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಪ್ರಿಂಟ್ ಒತ್ತಿದರು.

ಮುಂದಿನ ಕಂತಿನಲ್ಲಿ ಸಿಗೋಣ. ನಡುವೆ ಎರಡು ಸಲ ಕುಕ್ಕರ್ ಕೂಗಿದ್ದು ನಮ್ಮನೇದೇ. ಈ ಸಲ ಅದನ್ನ ಕತ್ತರಿಸಿಲ್ಲ.